ದೇವೀರಿಯ ಚೆಂಡು, ಮೇಷ್ಟ್ರ ದೋಸೆ

ಕಾವೇರಿ ದಂಡೆಯ ಆಶ್ರಮದಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಲೇ ಮರಿಸ್ವಾಮಿ ಮೇಷ್ಟ್ರು ಮುದುಕರಾದರು. ಆಮೇಲೆ ತಂಡವನ್ನು ಶಿಷ್ಯ ಚೆಲುವರಾಜನ ಕೈಗೆ ಕೊಟ್ಟು, ತಾವು ಅಡುಗೆಮನೆ ಸೇರಿದರು.

ಅವತ್ತು ಸಂಜೆ ಫೈನಲ್ ಇತ್ತು. ಬೆಳಿಗ್ಗೆಯೇ ಚೆಲುವರಾಜ ಬಂದು ಒಲೆಯ ಮುಂದೆ ನಿಂತ.

"ದೇವೀರಿನ ತಂಡದಿಂದ ತೆಗೀತೀನಿ, ಮೇಷ್ಟ್ರೇ."

ದೇವೀರಿ ಆಟದ ಬಲದಿಂದಲೇ ಆಶ್ರಮಕ್ಕೆ ಸೇರಿದವಳು. ತಂಡದಲ್ಲಿ ಇಲ್ಲ ಅಂದರೆ ಊಟವೂ ಇಲ್ಲ, ಓದೂ ಇಲ್ಲ. ಅವಳನ್ನು ಕರೆದುಕೊಂಡು ಹೋಗಿ ಗಾರ್ಮೆಂಟ್ಸ್‌ಗೆ ಸೇರಿಸಬೇಕು ಅಂತ ಅವಳಪ್ಪ ಆಗಲೇ ಬಂದು ಗೇಟಿನ ಹತ್ತಿರ ಕೂತಿದ್ದ. ಇದು ಇಬ್ಬರಿಗೂ ಗೊತ್ತಿತ್ತು.

"ಯಾಕೆ? ಏನು ಮಾಡಿದ್ಲು?"

"ಅವಳ ಚೆಂಡು ಬುಟ್ಟಿಗೆ ಬೀಳಲ್ಲ. ಆಟಕ್ಕೆ ಇಳಿಸಿದಾಗೆಲ್ಲ ಮೊದಲನೇದೇ ತಪ್ಪು."

"ಎರಡನೇದು?"

"ಎರಡನೇದು ಎಲ್ಲಿಂದ ಬರುತ್ತೆ? ತಪ್ಪಿದ ತಕ್ಷಣ ಹೊರಗೆ ಕರೆದು ಕೂರಿಸ್ತೀನಿ. ಆಟ ಬಿಗಿಯಾಗಿರುತ್ತೆ, ನನ್ನೆದೆ ಡವಡವ ಅಂತಿರುತ್ತೆ."

ಮೇಷ್ಟ್ರಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು, ಅಡುಗೆ ಶುರುವಾಗುತ್ತಿತ್ತು. ತಣ್ಣಗಿದ್ದ ಕಬ್ಬಿಣದ ಕಾವಲಿಯನ್ನು ಒಲೆಗಿಟ್ಟು, ಆಗಲೇ ಹಿಟ್ಟು ಹುಯ್ದರು. ದೋಸೆ ಅಂಟಿಕೊಂಡು ಚಿಂದಿಯಾಯಿತು.

ಕಾವಲಿ ಇಳಿಸಿ ತೊಳೆದರು. ಮತ್ತೆ ಒಲೆಗಿಟ್ಟು, ಮತ್ತೆ ಆಗಲೇ ಹುಯ್ದರು. ಅದೂ ಏಳಲಿಲ್ಲ. ಮತ್ತೆ ಇಳಿಸಿದರು.

"ಹಿಟ್ಟು ಕೆಟ್ಟಿದೆ," ಅಂದು ಪಾತ್ರೆಯನ್ನೇ ಎತ್ತಿ ಚೆಲುವರಾಜನ ಕೈಗಿಟ್ಟರು. "ತಗೊಂಡು ಹೋಗಿ ಚರಂಡಿಗೆ ಸುರಿ."

ಚೆಲುವರಾಜ ಪಾತ್ರೆ ಮೂಸಿ ನೋಡಿದ.

"ಹಿಟ್ಟು ಚೆನ್ನಾಗೇ ಇದೆಯಲ್ಲ ಮೇಷ್ಟ್ರೇ. ಮೊದಲನೇ ದೋಸೆ ಯಾರ ಮನೇಲಿ ನೆಟ್ಟಗೆ ಏಳುತ್ತೆ? ಒಂದು ಹರೀತು ಅಂತ ನೀವು ಕಾವಲಿನೇ ಇಳಿಸ್ತಾ ಇದ್ರೆ ಅದು ಬಿಸಿಯಾಗೋದು ಯಾವಾಗ?"

ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು.

ಹೊರಗೆ ಜಗಲಿಯ ಮೇಲೆ ದೇವೀರಿ ಬ್ಯಾಗು ಕಟ್ಟಿಟ್ಟುಕೊಂಡು ಕೂತಿದ್ದಳು. ಚೆಲುವರಾಜನ ಕಣ್ಣು ಅತ್ತ ಹೋಯಿತು. ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

"ಸುರಿಯಲ್ವೇನೋ?" ಮೇಷ್ಟ್ರು ಕೇಳಿದರು.

"ಇಲ್ಲ." ಪಾತ್ರೆ ಕೆಳಗಿಟ್ಟ. "ಸಂಜೆ ಅವಳು ಆಡ್ತಾಳೆ."

"ಎಷ್ಟು ಹೊತ್ತು?"

"ಕೊನೇ ತನಕ."

ಸಂಜೆ ದೇವೀರಿ ಅಂಗಳಕ್ಕಿಳಿದಳು. ಮೊದಲ ಚೆಂಡು ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ಅಭ್ಯಾಸಬಲದಿಂದ ಅವಳು ಚೆಲುವರಾಜನತ್ತ ತಿರುಗಿ, ಹೊರಗೆ ಬರಲು ಎರಡು ಹೆಜ್ಜೆ ಇಟ್ಟೂ ಬಿಟ್ಟಳು. ಅವನು ಕರೆಯಲಿಲ್ಲ. ಅವಳು ಗಲಿಬಿಲಿಯಾಗಿ ವಾಪಸ್ ಓಡಿದಳು.

ಎರಡನೆಯದು ಬುಟ್ಟಿಯ ಅಂಚಿಗೆ ಬಡಿದು ಆಚೆ ಬಿತ್ತು.

ಎದುರಾಳಿಗಳು ಮುಂದೆ ಹೋದರು. ಜನ ಗೊಣಗತೊಡಗಿದರು. ಬೇಲಿಯ ಪಕ್ಕ ಅವಳಪ್ಪ ಅವಳ ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತ.

ಚೆಂಡು ಮತ್ತೆ ದೇವೀರಿಯ ಕೈಗೆ ಬಂತು. ಚೆಲುವರಾಜ ತನಗೇ ಗೊತ್ತಿಲ್ಲದೆ ಎದ್ದಿದ್ದ, ಅವಳನ್ನು ಹೊರಗೆ ಕರೆಯಲು ಕೈ ಮೇಲೆ ಹೋಗಿತ್ತು.

ಪಕ್ಕದಲ್ಲಿದ್ದ ಮೇಷ್ಟ್ರು ಅವನ ಅಂಗಿಯ ತುದಿ ಹಿಡಿದು ಎಳೆದರು.

"ಕೂತ್ಕೊಳ್ಳೋ. ಕಾವಲಿನ ಈಗಷ್ಟೇ ಒಲೆ ಮೇಲಿಟ್ಟಿದ್ದೀಯ."