ಕುದುರೆಯ ಚರ್ಮದಡಿಯ ಗಾಳಿ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಗುಡ್ಡಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತಿದ್ದವು. ಹೊಳೆಗಳಿಗೆ ದಾರಿ ರೂಢಿಯಾಗಿರಲಿಲ್ಲ. ಎಲ್ಲರೂ ಎಲ್ಲರೊಡನೆ ಮಾತಾಡುತ್ತಿದ್ದರು. ಸುಮ್ಮನಿರುವುದನ್ನು ಇನ್ನೂ ಯಾರೂ ಕಲಿತಿರಲಿಲ್ಲ.

ಆಗ ಜ್ವರಕ್ಕೆ ಕಾಲಿರಲಿಲ್ಲ. ರೆಕ್ಕೆಯೂ ಇರಲಿಲ್ಲ. ಧೂಳಿನ ಕಣಕ್ಕಿಂತ ಸಣ್ಣದಾಗಿ, ಹುಲ್ಲಿನ ಬುಡದಲ್ಲಿ ಬಿದ್ದುಕೊಂಡಿತ್ತು.

ಗಾಳಿ ಬಂತು. “ಗಾಳಿಯಣ್ಣಾ, ನನ್ನ ಹೊತ್ಕೊಂಡು ಹೋಗು. ಎಲ್ಲಿ ಬೆಚ್ಚನ್ನ ನೆತ್ತರ ಐತಿ, ಅಲ್ಲಿ ಬಿಡು” ಅಂದಿತು ಜ್ವರ.

“ಥೂ! ನಿನ್ನಂಥಾವನ್ನ ಯಾರು ಹೊರ್ತಾರ?” ಗಾಳಿ ಮುಖ ತಿರುಗಿಸಿಕೊಂಡು ಹೋಯಿತು. ಹೋಯಿತೇ ಹೊರತು, ದಾರಿಯಲ್ಲಿ ಸಿಕ್ಕ ಯಾರಿಗೂ ಏನೂ ಹೇಳಲಿಲ್ಲ.

ಅದೇ ಹುಲ್ಲಿನಲ್ಲಿ ಒಂದು ಉಣ್ಣಿ ಇತ್ತು. ಎಂಟು ಕಾಲಿದ್ದರೂ ಒಂದು ಮಾರು ನಡೆಯುವಷ್ಟರಲ್ಲಿ ಅದಕ್ಕೆ ಸುಸ್ತು. ಹಸಿವು ಮಾತ್ರ ಆನೆಯಷ್ಟು. ಅದನ್ನು ಜೊತೆಗೆ ಕರೆಯುವವರು ಯಾರೂ ಇರಲಿಲ್ಲ.

“ನಿನ್ನ ಹೊಟ್ಟ್ಯಾಗ ನನಗಿಷ್ಟು ಜಾಗ ಕೊಡು” ಅಂದಿತು ಜ್ವರ. “ನಿನಗೂ ಒಂದು ಜೊತಿ ಆಕ್ಕೈತಿ. ನೀ ಎಲ್ಲಿ ಉಣ್ತೀಯೋ, ನಾ ಅಲ್ಲಿ ಇಳೀತೀನಿ.”

ಒಂಟಿಗೆ ಯಾರು ಕರೆದರೂ ನೆಂಟರೇ. ಉಣ್ಣಿ ಜಾಗ ಕೊಟ್ಟಿತು.

ಆ ಬಯಲಿಗೆ ಮಾಳವ್ವ ಬಂದಳು. ಭೂಮಿಯ ಮೇಲೆ ಕುರಿ ಕಾಯಲು ಹೊರಟ ಮೊದಲ ಹೆಂಗಸು ಅವಳು. ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ನಡೆಯಬೇಕು. ನಡೆಯಲಾರದ ಎಳೆಮರಿಗಳನ್ನು ಬೆನ್ನಿನ ಜಾಳಿಗೆಯಲ್ಲಿ ಹೊರಲು ಹಂಸಿ ಎಂಬ ಕುದುರೆ. ಹಿಂಡು ಕಾಯಲು ಗಿಡ್ಡ ಎಂಬ ನಾಯಿ. ಹಿಂದೆ, ಮೂರು ಕಲ್ಲೆಸೆತದ ದೂರದಲ್ಲಿ, ಕರೆಯದೆ ಬರುವ ತೋಳ.

ಮಾಳವ್ವ ತನ್ನವರಿಗೆಲ್ಲ ಕಲಿಸಿದ ನೇಮ ಒಂದೇ: ದಾರಿಯಲ್ಲಿ ಕೈ ಎತ್ತಿ ನಿಂತವರನ್ನು ಬಿಟ್ಟು ಮುಂದೆ ಹೋಗಬಾರದು.

ಹುಲ್ಲಿನ ತುದಿಯಲ್ಲಿ ಉಣ್ಣಿ ಮುಂಗಾಲು ಎತ್ತಿ ನಿಂತಿತ್ತು.

“ಯಾರೋ ಕೈ ಎತ್ಯಾರ ನೋಡವ್ವಾ” ಅಂದ ಗಿಡ್ಡ.

ಮಾಳವ್ವ ಬಗ್ಗಿ ನೋಡಿದಳು. “ಎಷ್ಟು ಮಂದಿ ಅದೀರಿ?”

“ನಾ ಒಬ್ಬನ ಅದೀನಿ, ಯವ್ವಾ.”

“ನೀ ಏನ್ ಭಾರ ಆದೀ! ಹತ್ತು, ಹತ್ತು. ಗಿಡ್ಡಾ, ಕಿವಿ ಹಿಂದ ಕೂಡಿಸ್ಕೋ, ಅಲ್ಲಿ ನೆರಳೈತಿ.”

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗಿಡ್ಡ ರೊಟ್ಟಿ ಮುಟ್ಟಲಿಲ್ಲ. ತೋಳ ಎರಡು ಕಲ್ಲೆಸೆತದ ದೂರಕ್ಕೆ ಬಂತು.

ಮತ್ತೆರಡು ದಿನಕ್ಕೆ ಗಿಡ್ಡನ ವಸಡು ಸುಣ್ಣದಂತೆ ಬಿಳುಚಿಕೊಂಡಿತು. ಮೂಗಿನಿಂದ ನೆತ್ತರು ತೊಟ್ಟಿಕ್ಕಿತು. ಬೊಗಳಲು ಬಾಯಿ ತೆರೆದರೆ ದನಿ ಬರಲಿಲ್ಲ. ತೋಳ ಒಂದೇ ಕಲ್ಲೆಸೆತದ ದೂರಕ್ಕೆ ಬಂದು ಕೂತಿತು. ಓಡಿಸಿದರೆ ಎದ್ದೂ ಹೋಗಲಿಲ್ಲ.

ಮಾಳವ್ವ ಗಿಡ್ಡನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. ಕಿವಿಯ ಹಿಂದೆ ಏನೋ ದಪ್ಪಗೆ, ನುಣ್ಣಗೆ ಕೈಗೆ ತಗುಲಿತು. “ಇದೇನೋ, ಔಡಲ ಬೀಜ?”

ಗಿಡ್ಡನ ಬೆನ್ನಿನಿಂದ ಒಂದು ಚಿಗಟ ನಕ್ಕಿತು. “ಬೀಜ ಅಲ್ಲಬೇ, ನೀ ಹತ್ತಿಸಿಕೊಂಡ ಬೀಗ! ಒಬ್ಬನ ಅದೀನಿ ಅಂದ್ನಲ್ಲ, ನಂಬಿದಿ. ಅವನ ಹೊಟ್ಟ್ಯಾಗ ಇನ್ನೊಬ್ಬಾವ ಕುಂತಿದ್ದ. ಈಗ ಇಳಿದು ನೆತ್ತರಾಗ ಮನಿ ಮಾಡ್ಯಾನ.”

“ಮತ್ತ ನಿನ್ನ ಹೊಟ್ಟ್ಯಾಗ?”

ಚಿಗಟ ಟಣ್ಣನೆ ಜಿಗಿದು ಮಾಯವಾಯಿತು.

ಮಾಳವ್ವ ಉಣ್ಣಿಯನ್ನು ಕಿತ್ತು ಒಲೆಯ ಕೆಂಡಕ್ಕೆ ಎಸೆದಳು. ಅದು ಚಟ್ ಎಂದಿತು. ಆಗ ಗಿಡ್ಡನ ಮೈಯೊಳಗಿಂದ, ಗಿಡ್ಡನದಲ್ಲದ ಒಂದು ಸಣ್ಣ ದನಿ ಬಂತು.

“ತಡಾ ಮಾಡಿದಿ, ಮಾಳವ್ವಾ. ಗಾಡಿ ಸುಟ್ಟರ ಇಳಿದಾವ ಸಾಯ್ತಾನೇನು? ಇವತ್ತ ಮುಂಜಾನಿ ಹಂಸಿ ಮ್ಯಾಲೂ ನಮ್ಮಾವ ಒಬ್ಬ ಇನ್ನೊಂದು ಉಣ್ಣ್ಯಾಗ ಕುಂತು ಹತ್ಯಾನ. ಹೊತ್ತು ಮುಳುಗೂದ್ರಾಗ ಅವನೂ ಇಳೀತಾನ.”

ಹಂಸಿಯೂ ಬಿದ್ದರೆ ಮರಿಗಳನ್ನು ಹೊರುವವರಿಲ್ಲ. ಮರಿಗಳನ್ನು ಬಿಟ್ಟು ಹೋಗುವುದೆಂದರೆ ತೋಳಕ್ಕೆ ಎಡೆ ಇಟ್ಟು ಹೋದಂತೆ. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

ಅವಳು ಹಂಸಿಯ ಮೈ ತಡಕಿದಳು. ಕತ್ತಿನ ಅಯಾಲಿನಲ್ಲಿ ನೋಡಿದಳು, ಇಲ್ಲ. ಬಾಲದ ಬುಡದಲ್ಲಿ ನೋಡಿದಳು, ಇಲ್ಲ. ಅಷ್ಟು ದೊಡ್ಡ ಮೈ, ಇಷ್ಟೇ ಇಷ್ಟು ಕಳ್ಳ.

“ಎಲ್ಲಿ ಕಚ್ಚೈತಿ, ಹೇಳಽ ನನ್ನವ್ವ!”

“ನನಗ ನೋವಽ ಇಲ್ಲಲ್ಲವ್ವಾ” ಅಂದಳು ಹಂಸಿ. ಅವಳ ಕಣ್ಣು ಭಯದಿಂದ ಬೆಳ್ಳಗಾಗಿತ್ತು. “ನೋವಿಲ್ಲದ್ದು ಎಲ್ಲಿ ಅಂತ ಹೇಳಲಿ?”

ಅಷ್ಟರಲ್ಲಿ ಗಾಳಿ ಆ ದಾರಿಯಾಗಿ ಬಂತು. ಗಿಡ್ಡನನ್ನು ಕಂಡು ತಟ್ಟನೆ ನಿಂತಿತು. “ಅಯ್ಯೋ, ಅದು ಇಲ್ಲೀತನಕ ಬಂತಾ? ನಾ ಅವತ್ತ ಹೊರಂಗಿಲ್ಲ ಅಂದಿದ್ದೆ.”

ಮಾಳವ್ವ ತಿರುಗಿದಳು. “ನಿನಗ ಗೊತ್ತಿತ್ತು?”

“ನನ್ನ ಯಾರೂ ಕೇಳಲಿಲ್ಲ...”

“ಊರೂರು ತಿರುಗ್ತಿ, ಯಾರ ಮನ್ಯಾಗ ಏನು ಬೇಯ್ತದ ಅಂತ ಹತ್ತು ಹರದಾರಿ ಸಾರ್ತಿ. ಇದೊಂದು ಮಾತು ಹೇಳಾಕ ನಿನ್ನ ನಾಲಿಗಿ ಬಿದ್ದಿತ್ತೇನೋ!”

ಗಾಳಿ ತಲೆ ತಗ್ಗಿಸಿತು. ಬಯಲಿನಲ್ಲಿ ಒಂದು ಹುಲ್ಲೂ ಅಲುಗಲಿಲ್ಲ.

“ಹೊರಗ ಹೇಳಲಿಲ್ಲ, ಒಳಗ ಹೊಕ್ಕು ಹೇಳು” ಅಂದಳು ಮಾಳವ್ವ. “ಹಂಸಿ ಚರ್ಮದ ಕೆಳಗ ಓಡಾಡು. ಎಲ್ಲಿ ಪರರ ಕಾಲು ಊರೈತಿ, ಅಲ್ಲಿ ಅಲುಗಿಸಿ ತೋರ್ಸು.”

ಗಾಳಿ ಹಂಸಿಯ ಮೂಗಿನಿಂದ ಒಳಗೆ ಹೊಕ್ಕಿತು. ಹೆಗಲಿನ ಚರ್ಮ ಅದುರಿತು. ಪಕ್ಕೆಯ ಚರ್ಮ ಅದುರಿತು. ಆಮೇಲೆ ಮುಂಗಾಲುಗಳ ನಡುವೆ, ಎದೆಯ ಕೆಳಗೆ ಒಂದೇ ಕಡೆ ಚರ್ಮ ಮತ್ತೆ ಮತ್ತೆ ಕುಣಿಯಿತು. ಮಾಳವ್ವ ಅಲ್ಲಿಗೆ ಕೈ ಹಾಕಿದಳು. ಎಳ್ಳಿನಷ್ಟು ಸಣ್ಣ ಉಣ್ಣಿ. ಹೊಟ್ಟೆ ಇನ್ನೂ ಚಪ್ಪಟೆ. ಬುಡಸಮೇತ ಕಿತ್ತು ಕೆಂಡಕ್ಕೆ ಹಾಕಿದಳು.

ಚಟ್ ಎಂದಿತು. ಹೊತ್ತು ಮುಳುಗಿತು. ಹಂಸಿ ನಿಂತೇ ಇದ್ದಳು.

ಗಿಡ್ಡ ಮಾತ್ರ ಏಳಲಿಲ್ಲ. ಮಾಳವ್ವ ಅವನನ್ನು ಮಣ್ಣಿಗೆ ಕೊಟ್ಟು, ತೋಳ ಕೆದಕದಂತೆ ಮೇಲೆ ಕಲ್ಲು ಹೇರಿದಳು. ಮರಿಗಳನ್ನು ಜಾಳಿಗೆಗೆ ತುಂಬಿ, ಅಳುತ್ತಲೇ ಹಂಸಿಯನ್ನು ನಡೆಸಿದಳು.

“ನಾ ಇನ್ನ ಹೊಂಟೆ” ಅಂದಿತು ಒಳಗಿದ್ದ ಗಾಳಿ.

“ಹೋಗು. ಒಂದು ಬೊಗಸಿಯಷ್ಟು ಇಲ್ಲೇ ಬಿಟ್ಟು ಹೋಗು” ಅಂದಳು ಮಾಳವ್ವ. ಗಾಳಿ ಬಿಟ್ಟು ಹೋಯಿತು.

ಅದಕ್ಕೇ ಇವತ್ತಿಗೂ, ಎಲೆಯೂ ಅಲುಗದ ಮಧ್ಯಾಹ್ನದಲ್ಲಿ ಸುಮ್ಮನೆ ನಿಂತ ಕುದುರೆಯ ಚರ್ಮ ಕೆರೆಯ ನೀರಿನ ಹಾಗೆ ಒಮ್ಮೆಲೇ ಅದುರುತ್ತದೆ. ನಾಯಿಗೆ ಆ ಗಾಳಿ ದಕ್ಕಲಿಲ್ಲ, ಅದರ ಕಿವಿಯ ಹಿಂದೆ ದಿನಾ ನಾವೇ ಬೆರಳಾಡಿಸಿ ನೋಡಬೇಕು.