ಹೊರಗಿನ ಮಡಕೆ

"ಗುರುಗಳೇ, ಯಾರಿಗೂ ಕೇಡಾಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿರುವಾಗ ನಿಯಮವನ್ನು ಒಂದಿಷ್ಟು ಸಡಿಲಿಸಿದರೆ ಅದು ತಪ್ಪಾಗುತ್ತದೆಯೇ?"

ಶಿಷ್ಯ ಚೆನ್ನವೀರ ಹೀಗೆ ಕೇಳಿದ. ಕೇಳುವುದಕ್ಕೆ ಕಾರಣವಿತ್ತು. ಮಠ ಹೊಳೆಯ ದಂಡೆಯ ಎತ್ತರದಲ್ಲಿತ್ತು. ಹೊಳೆ ಉಕ್ಕಿದಾಗ ಕೆಳಗಿನ ಕೇರಿಯವರೆಲ್ಲ ಮಠದ ದಾಸೋಹದ ಮನೆಗೆ ಬಂದು ಸೇರುವುದು ವಾಡಿಕೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಅದರ ತಾಲೀಮು ನಡೆಯುತ್ತಿತ್ತು. ಗಂಟೆ ಬಾರಿಸಿದೊಡನೆ ಜನ ಹತ್ತಿ ಬರಬೇಕು, ಬಂದವರ ಹೆಸರಿಗೆ ಚೆನ್ನವೀರ ಗುರುತು ಹಾಕಬೇಕು. ಈ ಸಲ ಇಬ್ಬರು ಮುದುಕರು ಬಂದಿರಲಿಲ್ಲ. ಮೊಣಕಾಲು ನೋವು, ತಾಲೀಮಿಗೆಲ್ಲ ಹತ್ತಲಾರೆವು ಎಂದು ಹೇಳಿ ಕಳಿಸಿದ್ದರು. ಚೆನ್ನವೀರ ಅವರ ಹೆಸರಿಗೂ ಗುರುತು ಹಾಕಿ ಪಟ್ಟಿಯನ್ನು ಪೂರ್ತಿ ಮಾಡಿದ್ದ. ಅದು ಗುರುಗಳ ಕಣ್ಣಿಗೆ ಬಿದ್ದಿತ್ತು.

"ಅವರು ಮನೆಯಲ್ಲೇ ಇದ್ದರು. ನನಗೆ ಗೊತ್ತಿತ್ತು" ಎಂದು ಅವನು ಸೇರಿಸಿದ.

ಗುರುಗಳಿಗೆ ಕೋಪ ಬೇಗ ಬರುತ್ತಿತ್ತು, ಬೇಗ ಇಳಿಯುತ್ತಿತ್ತು. ಆ ದಿನ ಬರಲಿಲ್ಲ. "ಗೊತ್ತಿತ್ತು ಎನ್ನುತ್ತೀಯ. ಒಳ್ಳೆಯದು. ಎಲ್ಲವೂ ಗೊತ್ತಿದ್ದ ಒಬ್ಬನ ಕತೆ ಹೇಳುತ್ತೇನೆ, ಕೂತುಕೋ" ಎಂದರು.

ಒಂದು ಹೊಳೆ. ಹೊಳೆಯ ಪಕ್ಕದಲ್ಲಿ ಒಂದು ಊರು. ಊರಿನ ಹಿಂದೆ ಒಂದು ದಿಬ್ಬ. ದಿಬ್ಬದ ನೆತ್ತಿಯ ಮೇಲೆ ಕಲ್ಲಿನ ಛತ್ರ. ಹಿಂದೊಮ್ಮೆ ಪ್ರವಾಹದಲ್ಲಿ ಅರ್ಧ ಊರನ್ನು ಕಳೆದುಕೊಂಡ ಹಿರಿಯರು ಅದನ್ನು ಕಟ್ಟಿಸಿದ್ದರು. ಕಟ್ಟಿಸಿ ಸುಮ್ಮನಾಗದೆ ಕೆಲವು ನಿಯಮಗಳನ್ನೂ ಮಾಡಿಟ್ಟಿದ್ದರು. ಛತ್ರದ ಒಳಗೆ ಒಲೆ ಹೂಡಕೂಡದು, ಅಡುಗೆಯೆಲ್ಲ ಹೊರಗಿನ ಅಂಗಳದಲ್ಲಿ. ಬಾಗಿಲಿಗೆ ಹೋಗುವ ದಾರಿಯಲ್ಲಿ ಯಾರೂ ಮಲಗಕೂಡದು, ಗಂಟುಮೂಟೆ ಇಡಕೂಡದು. ಊರು ಬಿಡುವಾಗ ದನಗಳ ಕಣ್ಣಿ ಬಿಚ್ಚಿ ಬರಬೇಕು. ಬಂದವರು ಯಾರೇ ಆಗಿರಲಿ, ಯಾವ ಸ್ಥಿತಿಯಲ್ಲೇ ಇರಲಿ, ಹೊಸ್ತಿಲ ಒಳಗೆ ಸೇರಿಸಿಕೊಳ್ಳಬೇಕು.

ಇವೆಲ್ಲ ಸುಲಭವಾಗಿ ಅರ್ಥವಾಗುವ ನಿಯಮಗಳು. ಇನ್ನೊಂದಿತ್ತು. ಅದನ್ನು ಊರಿನ ಮಕ್ಕಳು ಆಟದಂತೆ ನೋಡುತ್ತಿದ್ದರು. ಛತ್ರದ ಬಾಗಿಲಲ್ಲಿ ಎರಡು ಮಡಕೆ ಇಡಬೇಕು. ಹೊಸ್ತಿಲಿಂದ ಆಚೆಗೊಂದು, ಈಚೆಗೊಂದು. ಮಳೆಗಾಲ ಹಿಡಿಯುವ ಮುಂಚೆ ಪ್ರತಿ ಮನೆಯವರೂ ತಮ್ಮ ಮನೆಯಲ್ಲಿ ಎಷ್ಟು ಜನರೋ ಅಷ್ಟು ಹುಣಸೆ ಬೀಜಗಳನ್ನು ತಂದು ಹೊರಗಿನ ಮಡಕೆಗೆ ಹಾಕಬೇಕು. ಹೊಳೆ ಬಂದ ದಿನ, ಒಬ್ಬ ಮನುಷ್ಯ ಹೊಸ್ತಿಲು ದಾಟಿದರೆ ಒಂದು ಬೀಜವನ್ನು ಹೊರಗಿನ ಮಡಕೆಯಿಂದ ತೆಗೆದು ಒಳಗಿನ ಮಡಕೆಗೆ ಹಾಕಬೇಕು. ಕಾಲು ಹೊಸ್ತಿಲು ದಾಟುವ ಮುಂಚೆ ಬೀಜ ದಾಟಕೂಡದು. ಹೊರಗಿನ ಮಡಕೆಯಲ್ಲಿ ಒಂದೇ ಒಂದು ಬೀಜ ಉಳಿದಿದ್ದರೂ ದೋಣಿ ಕಟ್ಟಿ ಹಾಕುವಂತಿಲ್ಲ, ಹುಡುಕಲು ಹೊರಡಬೇಕು. ಓದು ಬರಹ ಬಾರದ ಜನ ಮಾಡಿಕೊಂಡ ನಿಯಮ ಅದು. ನಿನ್ನ ಪಟ್ಟಿಗಿಂತ ಕಡಿಮೆಯದೇನಲ್ಲ.

ಬಾಗಿಲಲ್ಲಿ ಕೂರುವ ಕೆಲಸ ಒಬ್ಬ ಕುಂಬಾರನದು. ಅವನು ಒಳ್ಳೆಯ ಮನುಷ್ಯ. ನಾಲ್ಕು ಜನರ ಎದುರಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಕೆಟ್ಟವನನ್ನು ಆ ಜಾಗದಲ್ಲಿ ಕೂರಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ನೋಡು. ಕೆಟ್ಟವನ ಮೇಲೆ ಎಲ್ಲರೂ ಒಂದು ಕಣ್ಣಿಟ್ಟಿರುತ್ತಾರೆ.

ದೋಣಿ ಒಬ್ಬ ಅಂಬಿಗನದು. ಊರಿಗೆ ಇದ್ದದ್ದು ಅದೊಂದೇ ದೋಣಿ. ಅವನ ಹೆಂಡತಿ ಚೊಚ್ಚಲ ಬಾಣಂತಿ. ಹೊಳೆ ಉಕ್ಕಿದ್ದು ಅವಳು ಹೆತ್ತ ಒಂಬತ್ತನೆಯ ದಿನ.

ಆ ಊರಿನಲ್ಲಿ ಪುರುಡು ಆಚರಿಸುತ್ತಿದ್ದರು. ಹೆರಿಗೆಯಾದ ಮೇಲೆ ಹತ್ತು ದಿನ ಬಾಣಂತಿ ಮೈಲಿಗೆ. ಯಾರೂ ಮುಟ್ಟುವಂತಿಲ್ಲ. ಹನ್ನೊಂದನೆಯ ದಿನ ಸ್ನಾನವಾಗಿ ಕೂಸಿಗೆ ಹೆಸರಿಡುವವರೆಗೆ ಗಂಡ ಅವಳ ಮುಖ ನೋಡುವಂತಿಲ್ಲ. ಅವಳ ಆರೈಕೆಯೆಲ್ಲ ಅತ್ತೆಯ ಪಾಲಿಗೆ. ಅತ್ತೆ ತಾನೂ ಮುಟ್ಟಿ ತೊಳೆದು, ಮತ್ತೆ ಮಿಂದು ಮನೆಯ ಕೆಲಸಕ್ಕೆ ಬರಬೇಕು. ಪುರುಡನ್ನು ನಾನು ಒಪ್ಪುವವನಲ್ಲ. ಅದನ್ನು ನೀನು ಬಲ್ಲೆ. ಆದರೆ ಆ ಅತ್ತೆ ಸೊಸೆಯ ಮೇಲೆ ಪ್ರಾಣ ಇಟ್ಟುಕೊಂಡಿದ್ದಳು ಎಂಬುದನ್ನೂ ಹೇಳಲೇಬೇಕು. ಸೊಸೆಗೆ ತಾನೇ ನೀರು ಹಾಕುತ್ತಿದ್ದಳು. ದಿನಕ್ಕೆ ಮೂರು ಸಲ ಬಿಸಿ ಗಂಜಿ ಮಾಡಿ ಕೊಡುತ್ತಿದ್ದಳು.

ಬೆಳಿಗ್ಗೆ ಹೊಳೆ ಗದ್ದೆಗೆ ನುಗ್ಗಿತು. ಊರಿನಲ್ಲಿ ತಮಟೆ ಬಡಿದರು. ಜನ ಕಣ್ಣಿ ಬಿಚ್ಚಿ, ಮಕ್ಕಳನ್ನೆತ್ತಿಕೊಂಡು ದಿಬ್ಬ ಹತ್ತಿದರು. ಅಂಬಿಗ ದೋಣಿ ತೆಗೆದುಕೊಂಡು ತಗ್ಗಿನ ಕೇರಿಗೆ ಹೋದ. ಎಲ್ಲರಿಗಿಂತ ಮೊದಲು ಛತ್ರಕ್ಕೆ ಬಂದದ್ದು ಊರ ದೇವರ ಉತ್ಸವಮೂರ್ತಿ. ಗುಡಿಗೆ ನೀರು ಬರುತ್ತದೆಂದು ಪೂಜಾರಿ ಅದನ್ನು ಹೊತ್ತು ತಂದು ಛತ್ರದ ಒಳಗೆ ಇಟ್ಟಿದ್ದ.

ಅತ್ತೆ ಸೊಸೆಯನ್ನು ಕೈಹಿಡಿದು ನಡೆಸಿಕೊಂಡು ಅರ್ಧ ದಿಬ್ಬ ಹತ್ತಿದಳು. ಅಲ್ಲಿ ದೇವರು ಮೇಲಿರುವ ಸುದ್ದಿ ಕಿವಿಗೆ ಬಿತ್ತು. ಅವಳ ಕಾಲು ನಿಂತುಬಿಟ್ಟಿತು. ದೇವರಿರುವ ಕಡೆಗೆ ಪುರುಡಿನವಳನ್ನು ಒಯ್ಯುವುದು ಹೇಗೆ? ಒಯ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಅವಳು ಯಾರನ್ನೂ ಕೇಳಲಿಲ್ಲ. ಅರ್ಧ ದಿಬ್ಬದಲ್ಲಿ ಹಳೆಯ ಗಾಣದ ಮನೆಯೊಂದಿತ್ತು. ಗಟ್ಟಿ ಗೋಡೆ, ಸೋರದ ಮಾಡು. ಹಿರಿಯರ ಕಾಲದ ನೀರು ಕೂಡ ಅಲ್ಲಿಯವರೆಗೆ ಬಂದಿರಲಿಲ್ಲ ಎಂದು ಹೇಳುತ್ತಿದ್ದರು. ಸೊಸೆಯನ್ನೂ ಕೂಸನ್ನೂ ಅಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಗಾಳಿ ತಾಗದಿರಲೆಂದು ಬಾಗಿಲು ಮುಚ್ಚಿ, ತಾನು ಮಳೆಯಲ್ಲೇ ಮಿಂದು ಮೇಲಕ್ಕೆ ಬಂದಳು. ಸೊಸೆ ಬೇಸರ ಮಾಡಿಕೊಳ್ಳಲಿಲ್ಲ. ಇನ್ನು ಎರಡು ದಿನ ತಾನೇ ಎಂದಳಂತೆ.

ಛತ್ರದ ಬಾಗಿಲಲ್ಲಿ ಅತ್ತೆ ಕುಂಬಾರನಿಗೆ ಹೇಳಿದಳು. "ನಮ್ಮನೇವು ನಾಲ್ಕು ಬೀಜ ಕಣಪ್ಪ. ನನ್ ಮಗಂದು ಅವನು ಬಂದಾಗ ಹಾಕು. ನಾನೂ ನಮ್ಮೆಜಮಾನ್ರೂ ಬಂದಿದೀವಿ."

"ಬಾಣಂತಿ ಎಲ್ಲವ್ವ?"

"ಗಾಣದ ಮನೇಲಿ ಬೆಚ್ಚಗೆ ಮಲಗ್ಸಿದೀನಿ. ದೇವ್ರು ಒಳಗೈತಲ್ಲ, ಹೆಂಗೆ ಕರ್ಕೊಂಬರ್ಲಿ? ಅವಳದೂ ಹಾಕ್ಬಿಡಪ್ಪ. ಹೊರಗೆ ಒಂದೇ ಬೀಜ ಬಿದ್ದಿದ್ರೆ ನೋಡಿದೋರು ಏನಂದ್ಕೊಂತಾರೆ? ಎಲ್ಲಿದಾಳೆ ಅಂತ ನಿಂಗೆ ಗೊತ್ತೈತಲ್ಲ."

ಕುಂಬಾರ ಯೋಚಿಸಿದ. ನಿಯಮ ಅವನಿಗೆ ಗೊತ್ತಿತ್ತು. ಆದರೆ ಬೀಜ ಹೊರಗೆ ಉಳಿದರೆ ಅಂಬಿಗ ಸುಮ್ಮನೆ ಹುಡುಕುತ್ತ ತಿರುಗುತ್ತಾನೆ. ಹಿರಿಯರು ಬಂದು ಯಾರದಿದು ಎಂದು ಕೇಳುತ್ತಾರೆ. ಪುರುಡಿನ ಮಾತು ಹತ್ತು ಜನರ ಬಾಯಿಗೆ ಬೀಳುತ್ತದೆ, ಈ ಮುದುಕಿ ತಲೆ ತಗ್ಗಿಸಬೇಕಾಗುತ್ತದೆ. ಬಾಣಂತಿ ಕಳೆದುಹೋಗಿಲ್ಲ. ಇರುವ ಜಾಗ ತನಗೆ ಗೊತ್ತು, ಅತ್ತೆಗೆ ಗೊತ್ತು. ಅವನು ಮೂರನೆಯ ಬೀಜವನ್ನೂ ತೆಗೆದು ಒಳಗಿನ ಮಡಕೆಗೆ ಹಾಕಿದ. ಕೂಸಿಗೆ ಹೇಗೂ ಬೀಜವಿರಲಿಲ್ಲ. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ.

ಅದರ ಹಿಂದೆಯೇ ಜನ ಬಂದರು. ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಮಧ್ಯಾಹ್ನದ ಹೊತ್ತಿಗೆ ಕುಂಬಾರ ಇನ್ನೂರಕ್ಕೂ ಹೆಚ್ಚು ಬೀಜಗಳನ್ನು ದಾಟಿಸಿದ್ದ. ಯಾರೋ ಒಳಗೆ ಒಲೆ ಹೂಡಲು ಹೋದರು, ಅವರನ್ನು ತಡೆದ. ಯಾರದೋ ಮೂಟೆಗಳು ಬಾಗಿಲಿಗೆ ಅಡ್ಡವಾಗಿದ್ದವು, ಎತ್ತಿಸಿದ. ಕೈಗೆ ಬಿಡುವಿರಲಿಲ್ಲ. ತನ್ನ ಕೆಲಸವನ್ನು ಅವನು ಶ್ರದ್ಧೆಯಿಂದಲೇ ಮಾಡಿದ, ಅದರಲ್ಲಿ ಎರಡು ಮಾತಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಮಳೆ ಇನ್ನೂ ಜೋರಾಯಿತು. ಅತ್ತೆ ಗಂಜಿ ತೆಗೆದುಕೊಂಡು ಇಳಿದಳು. ಗಾಣದ ಮನೆಗೂ ಮೇಲಿನ ದಾರಿಗೂ ನಡುವೆ ಒಂದು ಕೊರಕಲು ಇತ್ತು. ಅದು ತುಂಬಿ ಹರಿಯುತ್ತಿತ್ತು. ದಾಟಲು ಆಗಲಿಲ್ಲ. ಅಷ್ಟರಲ್ಲಿ ಕೆಳಗೆ ಮಗನ ದೋಣಿ ಗಾಣದ ಮನೆಯ ಕಡೆಗೇ ಬರುತ್ತಿರುವುದು ಕಂಡಿತು. ಮಗ ಹತ್ತಿಸಿಕೊಂಡು ಬರುತ್ತಾನೆ ಎಂದುಕೊಂಡಳು. ಕೂಗಿ ಹೇಳಿದಳು. ಮಳೆಯ ಸದ್ದಿನಲ್ಲಿ ಅವನಿಗೆ ಕೇಳಿತೋ ಇಲ್ಲವೋ, ಅವನು ಆ ಕಡೆಗೇ ಬರುತ್ತಿದ್ದನಲ್ಲ. ಮನಸ್ಸು ಹಗುರ ಮಾಡಿಕೊಂಡು ಗಂಜಿಯನ್ನು ಮತ್ತೆ ಬಿಸಿ ಮಾಡೋಣವೆಂದು ಅಂಗಳಕ್ಕೆ ಹೋದಳು.

ನೀರು ಆಗಲೇ ಗಾಣದ ಮನೆಯ ಬುಡಕ್ಕೆ ಬಂದಿತ್ತು. ಅಂಬಿಗ ಅದರ ಪಕ್ಕದಲ್ಲೇ ಹಾದುಹೋದ. ಬಾಗಿಲು ಮುಚ್ಚಿತ್ತು. ಪಾಳು ಗಾಣದ ಮನೆಯಲ್ಲಿ ಯಾರಿರುತ್ತಾರೆ? ಅವನ ಹೆಂಡತಿ ತಾಯಿಯ ಜೊತೆ ಹೊರಟದ್ದನ್ನು ಅವನೇ ದೂರದಿಂದ ನೋಡಿದ್ದ. ಛತ್ರದ ಹಿಂದಿನ ಜಗಲಿಯಲ್ಲೋ ಎಲ್ಲೋ ತಾಯಿ ಅವಳಿಗೆ ಜಾಗ ಮಾಡಿರುತ್ತಾಳೆ ಎಂದುಕೊಂಡಿದ್ದ. ಒಳಗಿದ್ದವಳು ದೋಣಿಯ ಹುಟ್ಟಿನ ಸಪ್ಪಳ ಕೇಳಿ ಕೂಗಿರಬಹುದು. ಕೂಗಿರಲಿಲ್ಲವೇನೋ. ಯಾರಿಗೂ ಗೊತ್ತಿಲ್ಲ. ಅವನ ದೋಣಿಯಲ್ಲಿ ಆಗ ಮುದುಕ ಮುದುಕಿಯರಿಬ್ಬರು ನಡುಗುತ್ತ ಕೂತಿದ್ದರು. ತಗ್ಗಿನ ಕೇರಿಯಲ್ಲಿ ಉಳಿದಿದ್ದ ಕೊನೆಯವರು.

ಅವರನ್ನು ಹೊಸ್ತಿಲು ದಾಟಿಸಿ ಅಂಬಿಗ ಬಾಗಿಲಲ್ಲೇ ನಿಂತ. ಬೆಳಗಿನಿಂದ ಹುಟ್ಟು ಹಾಕಿ ಅಂಗೈಯ ಚರ್ಮ ಸುಲಿದಿತ್ತು. ಆದರೂ ಕೇಳಿದ. "ಇನ್ಯಾರಾನ ಉಳ್ಕೊಂಡಿದಾರಾ? ಇದ್ರೆ ಹೇಳು, ಇನ್ನೊಂದು ಸಲ ಹೋಗ್ಬರ್ತೀನಿ."

ಕುಂಬಾರ ಆ ಇಬ್ಬರ ಬೀಜ ದಾಟಿಸಿದ. ಅಂಬಿಗನದನ್ನೂ ದಾಟಿಸಿದ. ಹೊರಗಿನ ಮಡಕೆಯನ್ನು ಎತ್ತಿ ಬೋರಲು ಹಾಕಿದ. ಏನೂ ಬೀಳಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಹಿರಿಯರ ಕಾಲದಲ್ಲಿ ಅರ್ಧ ಊರು ಹೋಗಿತ್ತು. ಈ ಸಲ ಒಂದು ಜೀವವೂ ಹೋಗಿಲ್ಲ. ಬೆಳಿಗ್ಗೆ ದಾಟಿಸಿದ ಆ ಒಂದು ಬೀಜ ಅವನ ನೆನಪಿಗೆ ಬರಲಿಲ್ಲ. ಇನ್ನೂರು ಬೀಜಗಳ ಜೊತೆ ಬೆರೆತ ಮೇಲೆ ಅದೂ ಒಂದು ಬೀಜ. ಅದರ ಮೇಲೆ ಗಾಣದ ಮನೆ ಎಂದು ಬರೆದಿರಲಿಲ್ಲ.

"ಯಾರೂ ಇಲ್ಲಪ್ಪ. ಎಲ್ರೂ ಬಂದ್ರು. ಹೋಗಿ ಕೈಗೆ ಎಣ್ಣೆ ಹಚ್ಕೊ" ಎಂದ.

ಎಲ್ಲರೂ ಬಂದರಂತೆ ಎಂಬ ಮಾತು ಛತ್ರದಲ್ಲೆಲ್ಲ ಹರಡಿತು. ಜನ ದೇವರಿಗೆ ಕೈ ಮುಗಿದರು. ಅಂಬಿಗ ದೋಣಿಯನ್ನು ಎಳೆದು ಬೇವಿನ ಮರಕ್ಕೆ ಕಟ್ಟಿದ. ಅಂಗಳದಲ್ಲಿ ಒಲೆಯ ಮುಂದೆ ಕೂತಿದ್ದ ಅತ್ತೆಯ ಕಿವಿಗೂ ಆ ಮಾತು ಬಿತ್ತು. ಸೊಸೆಯೂ ಬಂದಳು ಎಂದುಕೊಂಡಳು. ಗಂಜಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು.

ಗಂಜಿ ಕುದಿಯುವಷ್ಟು ಹೊತ್ತು, ಅಷ್ಟೇ. ಆ ಹೊತ್ತಿನಲ್ಲಿ ಹೊಳೆಯ ಮೇಲ್ಗಡೆಯ ಕೆರೆಯ ಏರಿ ಒಡೆದು ನೀರು ಒಮ್ಮೆಲೇ ಏರಿತು.

ಅತ್ತೆ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹಿಂದಿನ ಜಗಲಿಗೆ ಹೋದಳು. ಜಗಲಿ ಖಾಲಿಯಿತ್ತು. ಒಳಗೆ ಬಂದು ಮಗನನ್ನು ಕೇಳಿದಳು. "ಬಾಣಂತೀನ ಎಲ್ಲಿ ಮಲಗ್ಸಿದೀಯ ಮಗಾ?"

"ನೀನು ಕರ್ಕೊಂಬರ್ಲಿಲ್ವೇನವ್ವ?" ಎಂದ ಮಗ.

ಬಾಗಿಲಲ್ಲಿ ಕೂತಿದ್ದ ಕುಂಬಾರ ಎದ್ದು ನಿಂತ. ಅವನಿಗೆ ಆಗ ನೆನಪಾಯಿತು.

ಅಂಬಿಗ ಓಡಿದ. ದೋಣಿ ಬಿಚ್ಚಿದ. ಕುಂಬಾರನೂ ಹಿಂದೆಯೇ ಓಡಿ ದೋಣಿಗೆ ಹಾರಿದ. ಅವನಿಗೆ ಈಜು ಬರುತ್ತಿರಲಿಲ್ಲ. ಅವರು ಹೋಗಿ ನೋಡಿದಾಗ ಗಾಣದ ಮನೆಯ ಮಾಡು ಕೂಡ ಕಾಣುತ್ತಿರಲಿಲ್ಲ. ಕತ್ತಲಾಗುವವರೆಗೂ ಅದೇ ಜಾಗದಲ್ಲಿ ದೋಣಿ ಸುತ್ತುತ್ತಿದ್ದದ್ದನ್ನು ದಿಬ್ಬದ ಮೇಲಿನಿಂದ ಊರೆಲ್ಲ ನೋಡಿತು. ಆಮೇಲೆ ಅಂಬಿಗನೂ ಕುಂಬಾರನೂ ಬರಿಗೈಯಲ್ಲಿ ಮರಳಿದರು.

ನೀರು ಮೂರನೆಯ ದಿನ ಇಳಿಯಿತು. ಅದು ಹನ್ನೊಂದನೆಯ ದಿನ. ಗಾಣದ ಮನೆಯ ಬಾಗಿಲನ್ನು ತೆಗೆದವಳು ಅತ್ತೆ. ಮೈಲಿಗೆಯೆಂದು ಆಗ ಯಾರೂ ಹೇಳಲಿಲ್ಲ. ಆ ಮುದುಕಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿನ ಕೆಸರನ್ನು ತೊಳೆಯುತ್ತಲೇ ಇದ್ದಳು, ಸಾಕೆಂದು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನ ಮುಖ ಬಾಡಿತ್ತು. ಅವನು ನಿಧಾನವಾಗಿ ಹೇಳಿದ. "ಗುರುಗಳೇ, ಕುಂಬಾರ ಕೆಟ್ಟದ್ದನ್ನು ಬಯಸಿದವನಲ್ಲ. ಆ ಮುದುಕಿಯ ಮಾನ ಉಳಿಸಲು ಹೋದ. ಅಷ್ಟು ಬೀಜಗಳಲ್ಲಿ ಒಂದೇ ಒಂದು. ಅದೊಂದರಿಂದ ಲೆಕ್ಕ ತಪ್ಪಿಹೋಯಿತಲ್ಲ."

ಗುರುಗಳು ಅವನ ಕಡೆಗೆ ತಿರುಗಿದರು.

"ಹೊರಗೆ ಒಂದು ಬೀಜ ಉಳಿದು ಲೆಕ್ಕ ತಪ್ಪಿದ್ದರೆ ತಾಯಿ ಕೂಸು ಇಬ್ಬರೂ ಬದುಕುತ್ತಿದ್ದರು, ಚೆನ್ನವೀರ."