ಏಳನೇ ತಿರುವಿನ ಸುಳಿ

ಹೊಳೆಯ ದಂಡೆಯಲ್ಲಿ ದೇವೀರಮ್ಮನವರ ಆಟದ ಮನೆ ಇತ್ತು. ಸುತ್ತಲಿನ ಜನ ಅದನ್ನು ಆಶ್ರಮ ಅನ್ನುತ್ತಿದ್ದರು.

ಒಂದು ಕಾಲದಲ್ಲಿ ಅವರು ಪೇಟೆಯ ಬಸ್‌ಸ್ಟ್ಯಾಂಡ್ ಎದುರು ವಿಡಿಯೋ ಗೇಮ್ ಅಂಗಡಿ ನಡೆಸಿದವರು. ಆಟಗಳೆಲ್ಲ ಫೋನಿನೊಳಗೆ ಹೋದ ಮೇಲೆ ಅಂಗಡಿ ಮುಚ್ಚಿದರು. ಉಳಿದಿದ್ದ ನಾಲ್ಕು ಆಟದ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಇಲ್ಲಿಗೆ ಬಂದರು. ಕಲಿಯುವ ಆಸೆಯವರು ಹುಡುಕಿಕೊಂಡು ಬಂದರು. ಹೆಚ್ಚಿನವರು ಹೋದರು, ಕೆಲವರು ಉಳಿದರು.

ಉಳಿದವರಲ್ಲಿ ಕೆಂಪರಾಜು ಒಬ್ಬ. ಮೂವತ್ತು ದಾಟಿದ್ದ ದರ್ಜಿ.

ಅವನು ಆಡುತ್ತಿದ್ದುದು ಒಂದೇ ಆಟ. ಪರದೆಯೊಳಗೊಂದು ಹೊಳೆ, ಹೊಳೆಯಲ್ಲೊಂದು ಪುಟ್ಟ ದೋಣಿ. ಹನ್ನೆರಡು ತಿರುವು ದಾಟಿದರೆ ಕಡಲು. ಆ ಆಟ ಮಾಡಿದವರು ಯಾರೋ, ಪೆಟ್ಟಿಗೆಯ ಮೇಲಿನ ಹೆಸರು ಯಾವತ್ತೋ ಅಳಿಸಿಹೋಗಿತ್ತು. ಕಡಲನ್ನು ಕಂಡವರು ದೇವೀರಮ್ಮ ಒಬ್ಬರೇ.

ಚಿಕ್ಕವನಿದ್ದಾಗ ಕೆಂಪರಾಜು ಅಂಗಡಿಯ ಬಾಗಿಲಲ್ಲಿ ನಿಂತು ಒಮ್ಮೆ ಅವರ ಮುಖ ನೋಡಿದ್ದ. ಪರದೆ ಅವನಿಗೆ ಕಾಣುತ್ತಿರಲಿಲ್ಲ. ಅವರ ಮುಖದ ಮೇಲೆ ನೀಲಿ ಬೆಳಕು ನಿಧಾನವಾಗಿ ಹರಡಿತ್ತು. ಕಣ್ಣು ಅರಳಿ ಹಾಗೇ ನಿಂತಿತ್ತು. ಅವರು ಏನು ಕಂಡರೋ ಅದನ್ನು ತಾನೂ ಕಾಣಬೇಕು ಅಂತ ಅವತ್ತೇ ಅನ್ನಿಸಿತ್ತು.

ಹೊಲಿಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಅವನು ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷದಿಂದ ಅವನ ದೋಣಿ ಏಳನೇ ತಿರುವಿನಲ್ಲಿ ಮುಳುಗುತ್ತಿತ್ತು.

ಅಲ್ಲಿ ಎರಡು ಬಂಡೆಗಳ ನಡುವೆ ಒಂದು ಸುಳಿ. ಮೇಲೆ ಬಿಳಿ ಮಂಜು. ದೋಣಿ ಮಂಜಿನೊಳಗೆ ಹೋಗುತ್ತಿತ್ತು. ಹಿಂದಿರುಗುತ್ತಿರಲಿಲ್ಲ.

ಒಂದು ದಿನ ಅವನು ಕೇಳಿದ. "ಅಮ್ಮ, ಈ ಕೈಯಲ್ಲಿ ಹುಟ್ಟಿನಿಂದ ಬಂದದ್ದು ಏನಾದರೂ ಇದೆಯಾ?"

ದೇವೀರಮ್ಮ ಅವನ ಅಂಗೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು.

"ಐದು ಬೆರಳಿದೆ," ಅಂದರು.

ಆ ವಾರ ಅಡುಗೆಯ ಪುಟ್ಟತಾಯಮ್ಮನ ತಂಗಿಯ ಮಗಳು ಹತ್ತು ದಿನದ ಮಟ್ಟಿಗೆ ಬಂದಳು. ಹೆಸರು ರಂಜಿತಾ, ಹತ್ತೊಂಬತ್ತು ವರ್ಷ. ಆಟದ ಪೆಟ್ಟಿಗೆಯನ್ನು ಅವಳು ಅದುವರೆಗೆ ಕಂಡವಳೇ ಅಲ್ಲ.

ಒಂದು ಬೆಳಿಗ್ಗೆ ಅವಳು ಕೆಂಪರಾಜುವಿನ ಹಿಂದೆ ನಿಂತು ನೋಡುತ್ತಿದ್ದಳು. ಅವನ ದೋಣಿ ಮುಳುಗಿತು.

"ಅಣ್ಣ, ನಾನೊಂದ್ಸಲ ಆಡ್ಲಾ?"

ಅವನು ನಕ್ಕು ಜಾಗ ಬಿಟ್ಟ. ದೋಣಿ ನಡೆಸುವ ಹಿಡಿಯನ್ನು ಹೇಗೆ ತಿರುಗಿಸಬೇಕು ಅಂತ ತೋರಿಸಿಕೊಟ್ಟ.

ಮೊದಲ ಸಲ ಅವಳು ಮೂರನೇ ತಿರುವಿನಲ್ಲಿ ಬಿದ್ದಳು. ಎರಡನೇ ಸಲ ಆರರಲ್ಲಿ. ಮೂರನೇ ಸಲ ದೋಣಿ ಸುಳಿಯ ಬಾಯಿಗೆ ಬಂದಾಗ ಅವಳು ಹಿಡಿಯಿಂದ ಕೈ ತೆಗೆದೇಬಿಟ್ಟಳು.

"ಹಿಡ್ಕೋ! ಹಿಡ್ಕೋ!" ಎಂದ ಕೆಂಪರಾಜು.

ಅವಳು ಹಿಡಿಯಲಿಲ್ಲ. ದೋಣಿ ಮಂಜಿನೊಳಗೆ ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು. ಆಮೇಲೆ ಅವಳು ಬೆರಳ ತುದಿಯಿಂದ ಹಿಡಿಯನ್ನು ಒಂದಿಷ್ಟೇ ತಳ್ಳಿದಳು. ಮಂಜು ಕರಗಿತು. ಕೆಂಪರಾಜು ಎಂದೂ ಕಾಣದ ದಂಡೆಗಳು, ಕಾಣದ ಮರಗಳು, ನೀರ ಮೇಲೆ ಇಳಿಬಿದ್ದ ಕೆಂಪು ಹೂಗಳು ಪರದೆಯ ಮೇಲೆ ತೇಲಿ ಬಂದವು.

ಎಂಟು ದಾಟಿತು. ಒಂಬತ್ತು ದಾಟಿತು.

ಹತ್ತನೆಯದರಲ್ಲಿ ಹೊಳೆ ತಲೆಯೆತ್ತಿ ಆಕಾಶದ ಕಡೆಗೆ ಹರಿಯುತ್ತಿತ್ತು. ಅಲ್ಲಿ ಅವಳು ಬಿದ್ದಳು. ಮತ್ತೆ ಆಡಿ ಮತ್ತೆ ಅಲ್ಲೇ ಬಿದ್ದಳು. ಅಲ್ಲಿ ನಾಲ್ಕನೇ ಸಲ ಬಿದ್ದಾಗ ಕೈ ಕೊಡವಿಕೊಂಡು ಎದ್ದಳು.

"ಬೇಜಾರಾಯ್ತು. ಸಾಕಪ್ಪ," ಅಂದಳು. ಕಾಳು ಬಿಡಿಸಲು ಅಡುಗೆಮನೆಗೆ ಹೋದಳು. ಆಮೇಲೆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ.

ಕೆಂಪರಾಜು ಆ ಮಧ್ಯಾಹ್ನ ಊಟ ಮಾಡಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ನೀರು ನೋಡಿದ. ಕಣ್ಣು ಮುಚ್ಚಿದರೆ ಅದೇ ಕೆಂಪು ಹೂಗಳು.

ಮರುದಿನ ಬೆಳಿಗ್ಗೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ದೇವೀರಮ್ಮನವರ ಮುಂದೆ ನಿಂತ.

"ಹೋಗ್ತೀನಿ ಅಮ್ಮ."

"ಎಲ್ಲಿಗೆ?"

"ಅಂಗಡಿಗೆ. ತಮ್ಮ ಒಬ್ಬನೇ ಕಷ್ಟಪಡ್ತಿದ್ದಾನೆ."

"ಅವನು ಕರೆದನಾ?"

"ಇಲ್ಲ." ಕೆಂಪರಾಜು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಅವಳಿಗೆ ಹುಟ್ಟಿನಿಂದ ಬಂದಿದೆ. ಒಂದೇ ಬೆಳಿಗ್ಗೆ ದಾಟಿಬಿಟ್ಟಳು. ದಾಟಿ, ಬೇಡ ಅಂತ ಬಿಸಾಕಿ ಹೋದಳು. ದೇವರು ಕೊಡೋದನ್ನ ಅವಳಿಗೆ ಕೊಟ್ಟು, ಆಸೆ ಮಾತ್ರ ನನಗೆ ಯಾಕೆ ಇಡಬೇಕಾಗಿತ್ತು ಅಮ್ಮ?"

ದೇವೀರಮ್ಮ ಸಮಾಧಾನ ಹೇಳಲಿಲ್ಲ. ತಡೆಯಲೂ ಇಲ್ಲ.

"ಹೊಳೆ ದಾಟಿಸೋ ತೆಪ್ಪದ ಮುದುಕನಿಗೆ ಜ್ವರ," ಅಂದರು. "ರಂಜಿತಾ ದಾಟಿಸ್ತಾಳೆ. ಹೋಗು."

ಹೊಳೆಯ ಮೇಲೆ ಇನ್ನೂ ಮಂಜಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ರಂಜಿತಾ ಲಂಗ ಎತ್ತಿ ಕಟ್ಟಿ, ತೆಪ್ಪವನ್ನು ನೀರಿಗೆ ತಳ್ಳಿ, ಹುಟ್ಟು ಹಿಡಿದು ಕೂತಳು. ದುಂಡಗಿನ ತೆಪ್ಪ ಸದ್ದಿಲ್ಲದೆ ಬಿಳುಪಿನೊಳಗೆ ಹೊಕ್ಕಿತು.

ಸ್ವಲ್ಪ ಹೊತ್ತಿಗೆ ಎರಡೂ ದಡ ಇಲ್ಲವಾದವು. ನೀರು ಯಾವುದು, ಗಾಳಿ ಯಾವುದು ಅಂತ ತಿಳಿಯಲಿಲ್ಲ. ತಾನು ಪರದೆಯ ಈಚೆ ಇದ್ದೇನೋ ಆಚೆ ಇದ್ದೇನೋ ಅಂತ ಕೆಂಪರಾಜುವಿಗೆ ಒಂದು ಗಳಿಗೆ ಅನುಮಾನವಾಯಿತು.

ನಡು ಹೊಳೆಯಲ್ಲಿ ನೀರು ತೆಪ್ಪವನ್ನು ಎಳೆಯಿತು. ಅಲ್ಲೊಂದು ಸುಳಿಯಿತ್ತು.

ರಂಜಿತಾ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ತೆಪ್ಪ ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು. ಅವಳು ಹುಟ್ಟಿನ ತುದಿಯನ್ನು ನೀರಿಗೆ ತಾಕಿಸಿ ಒಂದಿಷ್ಟೇ ತಳ್ಳಿದಳು. ತೆಪ್ಪ ಸುಳಿಯ ಹೊರಗಿತ್ತು.

ಕೆಂಪರಾಜು ಎರಡೂ ಕೈಯಲ್ಲಿ ತೆಪ್ಪದ ಅಂಚು ಹಿಡಿದುಕೊಂಡ.

"ತಂಗಿ, ಇದನ್ನ ಎಲ್ಲಿ ಕಲಿತೆ?"

"ಯಾವುದನ್ನ?"

"ಈಗ ಮಾಡಿದೆಯಲ್ಲ, ಅದನ್ನ."

ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕಲಿಯೋದೇನಣ್ಣ? ನಮ್ಮಪ್ಪ ತೆಪ್ಪ ಹಾಕ್ತಾರೆ. ಸ್ಕೂಲು ಆಚೆ ದಡದಲ್ಲಿತ್ತು. ದಿನಾ ನಾನೇ ಹಾಕ್ಕೊಂಡು ಹೋಗ್ತಿದ್ದೆ."

"ಎಷ್ಟು ವರ್ಷದಿಂದ?"

"ಹುಟ್ಟು ಎತ್ತೋಕೆ ಆದಾಗಿನಿಂದ. ಏಳೋ ಎಂಟೋ ಇರಬೇಕು ನನಗೆ."

"ಸುಳಿಗೆ ಸಿಕ್ಕಿ ಬಿದ್ದಿಲ್ವಾ?"

"ಅಯ್ಯೋ, ಬೇಕಾದಷ್ಟು ಸಲ! ಪುಸ್ತಕ ಎಲ್ಲ ಒದ್ದೆ. ಎಳೆದಾಡಿದಷ್ಟೂ ಅದು ಬಿಡಲ್ಲ ಅಂತ ಅಪ್ಪ ಬೈಯೋರು."

ಕೆಂಪರಾಜು ಲೆಕ್ಕ ಹಾಕಿದ. ಹನ್ನೊಂದು ವರ್ಷ. ತನ್ನ ಆರಕ್ಕೆ ಅವಳ ಹನ್ನೊಂದು. ಹತ್ತನೇ ತಿರುವಿನಲ್ಲಿ ಅವಳು ಯಾಕೆ ಬಿದ್ದಳು ಅನ್ನುವುದೂ ತಟ್ಟನೆ ಹೊಳೆಯಿತು. ಆಕಾಶಕ್ಕೆ ಹರಿಯುವ ಹೊಳೆ ಅವಳೂರಿನಲ್ಲಿ ಇರಲಿಲ್ಲ.

ಅವನಿಗೆ ನಗು ಬಂತು. ಮಂಜಿನ ನಡುವೆ ಒಬ್ಬನೇ ಜೋರಾಗಿ ನಕ್ಕ.

"ಏನಾಯ್ತಣ್ಣ?"

"ತೆಪ್ಪ ತಿರುಗಿಸ್ತೀಯಾ ತಂಗಿ? ವಾಪಸ್ ಹೋಗೋಣ."

"ಆಚೆ ದಡ ಬಂದೇಬಿಡ್ತು!"

"ಬರಲಿ ಬಿಡು. ತಿರುಗಿಸು."

ದಂಡೆ ಮುಟ್ಟಿದ ಕೂಡಲೇ ಅವನು ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಿ ಓಡಿದ. ದೇವೀರಮ್ಮ ಜಗಲಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದರು.

"ಅಮ್ಮ, ಗೊತ್ತಾಯ್ತು! ಹುಟ್ಟಿನಿಂದ ಬರೋದು ಅಂತ ಯಾವುದೂ ಇಲ್ಲ. ಬರೀ ಸುಳ್ಳು. ಅವಳು ಚಿಕ್ಕಂದಿನಿಂದ ಅದೇ ಸುಳಿಯಲ್ಲಿ ಬಿದ್ದು ಎದ್ದವಳು. ಎಲ್ಲಾ ಅಭ್ಯಾಸ! ಅಷ್ಟು ವರ್ಷ ನಾನೂ ಕೂತರೆ ನನಗೂ ಬರುತ್ತೆ."

"ಹಾಗಾದರೆ ಹೊಟ್ಟೆಯ ಉರಿ ಆರಿತು."

ಕೆಂಪರಾಜು ತಲೆ ತಗ್ಗಿಸಿದ. "ಆರಿತು ಅಮ್ಮ."

"ಕೂತ್ಕೋ."

ಅವನು ಅವರ ಕಾಲ ಬಳಿ ಕೂತ. ಹೊಳೆಯ ಮೇಲಿನ ಮಂಜು ಎಳೆ ಎಳೆಯಾಗಿ ಬಿಡುತ್ತಿತ್ತು. ಒಳಗೆ ಯಾರೋ ಆಡುತ್ತಿದ್ದ ಪೆಟ್ಟಿಗೆಯ ಸದ್ದು, ದೂರದ ಗಂಟೆಯ ಹಾಗೆ, ಬಂದು ಬಂದು ಹೋಗುತ್ತಿತ್ತು.

"ಆ ಹುಡುಗಿ ಹತ್ತನೇ ತಿರುವಿನಲ್ಲಿ ಎಷ್ಟು ಸಲ ಬಿದ್ದಳು?" ಎಂದು ದೇವೀರಮ್ಮ ಕೇಳಿದರು.

"ನಾಲ್ಕು ಸಲ."

"ಆಮೇಲೆ?"

"ಬೇಜಾರಾಯ್ತು ಅಂತ ಎದ್ದು ಹೋದಳು."

"ನೀನು ಏಳನೆಯದರಲ್ಲಿ ಎಷ್ಟು ಸಲ ಬಿದ್ದಿದ್ದೀಯ?"

"ಅದನ್ನ ಯಾರು ಎಣಿಸ್ತಾರೆ ಅಮ್ಮ? ಸಾವಿರ. ಹತ್ತು ಸಾವಿರ."

"ಯಾವತ್ತಾದರೂ ಬೇಜಾರಾಗಿತ್ತಾ?"

ಆರು ವರ್ಷದ ಬೆಳಗುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ತಣ್ಣಗಿನ ನೆಲ. ಪರದೆ ಬೆಳಗುವ ಮುಂಚಿನ ಸಣ್ಣ ಗುಂಯ್ ಸದ್ದು. ಮೊದಲ ತಿರುವಿನಲ್ಲಿ ದೋಣಿ ಅಲುಗಿದಾಗ ಎದೆಯೊಳಗೂ ಏನೋ ಅಲುಗುತ್ತಿದ್ದುದು. ಮುಳುಗಿದ ಮೇಲೂ, ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಬೆರಳು ತಾನಾಗಿ ಹಿಡಿಯ ಕಡೆಗೆ ಹೋಗುತ್ತಿದ್ದುದು.

"ನಿನ್ನೆ ಹೊಟ್ಟೆ ಉರೀತು," ಎಂದ. "ಅಳು ಬಂದದ್ದೂ ಉಂಟು. ಆದರೆ ಬೇಜಾರು... ಇಲ್ಲ ಅಮ್ಮ. ಒಂದು ದಿನವೂ ಇಲ್ಲ."

ದೇವೀರಮ್ಮ ಅವನ ಹೆಗಲಿನ ಚೀಲವನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು.

"ಹಾಗೆ ಬೇಜಾರಾಗದೆ ಇರೋದನ್ನ ಎಷ್ಟು ವರ್ಷ ಅಭ್ಯಾಸ ಮಾಡಿದೆ, ಕೆಂಪರಾಜು?"